‘ತುಂಬು’ ಪುಸ್ತಕದಿಂದ ನಾನು ತೆಗೆದ ಪುಟ

ಮೇಷ್ಟ್ರೇ,

ಮುಂದಿನ ವಾರ ನೀವು ಹೋಗಿ ವರ್ಷ ತುಂಬುತ್ತದೆ. ನೀವಿದ್ದಿದ್ದರೆ ಕನ್ನಡಕ ಹಣೆಗೇರಿಸಿ, “ಹುಟ್ಟಿದ ಮಗುವಿಗೂ ವರ್ಷ ತುಂಬ್ತದೆ, ಸತ್ತವರಿಗೂ ವರ್ಷ ತುಂಬ್ತದೆ. ಎರಡಕ್ಕೂ ಒಂದೇ ಮಾತು. ಎಂತಕ್ಕೆ, ಹೇಳು ನೋಡುವ” ಎನ್ನುತ್ತಿದ್ದಿರಿ. ನಾನು ನಿಮ್ಮ ವಿಮಲಾ, ಬಾಳೆಹೊನ್ನೂರಿನ ದಿನಸಿ ಅಂಗಡಿಯವರ ಮಗಳು, ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟವಳು. ನಿಮ್ಮ ಎದುರು ಪರಿಚಯ ಹೇಳಿಕೊಳ್ಳುವ ಅಗತ್ಯವಿಲ್ಲ. ಆದರೆ ಇದನ್ನು ಓದಿ ಮುಗಿಸುವ ಹೊತ್ತಿಗೆ ‘ಇವಳು ಯಾರು’ ಎಂದು ನಿಮಗೇ ಅನ್ನಿಸಬಹುದೇನೋ ಎಂದು...

ನಿನ್ನೆ ಅಮ್ಮ ಫೋನ್ ಮಾಡಿದ್ದರು. ನಿಮ್ಮ ಮನೆಯವರನ್ನು ನಾನು ಕರೆಯುವುದು ಹಾಗೆಯೇ ಅಲ್ಲವೇ? “ತಿಥಿಯ ದಿನ ಊಟಕ್ಕೆ ಮೊದಲು ಅವರ ಪುಸ್ತಕದಿಂದ ಸ್ವಲ್ಪ ಓದು ವಿಮಲಾ. ಆದ್ರೆ ಓದುವ ಮೊದಲು ನೀನು ಅವರಿಗೆ ಹೇಳ್ಬೇಕಾದ್ದನ್ನ ಹೇಳ್ಕೊ. ನಂಗೆ ಹೇಳಿದ್ದು ಸಾಲೂದಿಲ್ಲ” ಅಂದರು. ಅದಕ್ಕೇ ಈ ಪತ್ರ. ನಿಮ್ಮ ಎದುರು ನಿಂತು ಹೇಳುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಬರೆಯಲು ಕಲಿಸಿದವರು ನೀವೇ ಆದದ್ದರಿಂದ ಬರೆಯಬಹುದು ಎಂದುಕೊಂಡಿದ್ದೇನೆ.

ನೀವು ನಿವೃತ್ತರಾದ ಮರುವರ್ಷ ಕೊಪ್ಪದಿಂದ ನರಸಿಂಹರಾಜಪುರದ ಬಸ್ಸಿನಲ್ಲಿ ನಾವಿಬ್ಬರೂ ನಿಂತುಕೊಂಡೇ ಹೋಗಿದ್ದು ನೆನಪಿದೆಯೇ? ದಾರಿಯ ಒಂದು ಸ್ಟಾಪಿನಲ್ಲಿ ಕಂಡಕ್ಟರ್ “ತುಂಬಿದೆ, ತುಂಬಿದೆ, ಹಿಂದಿನ ಬಸ್ಸಿಗೆ ಬನ್ನಿ” ಎಂದು ಕೂಗುತ್ತಲೇ ಇದ್ದ. ಅವನು ಕೂಗುತ್ತಿರುವಾಗಲೇ ಹನ್ನೊಂದು ಜನ ಹತ್ತಿದರು. ನೀವು ಎಣಿಸಿದ್ದಿರಿ. “ತುಂಬಿದೆ ಅಂದಮೇಲೂ ಹನ್ನೊಂದು ಜನ ಹಿಡಿದ್ರಲ್ಲ ಮಾರಾಯ, ಹಾಗಾದ್ರೆ ನಿನ್ನ ಬಸ್ಸು ತುಂಬೂದು ಯಾವಾಗ?” ಎಂದು ಕೇಳಿದಿರಿ. ಅವನು ಟಿಕೆಟ್ ಹರಿಯುತ್ತಲೇ, “ಕೆಳಗೆ ನಿಂತವರಿಗೆ ತುಂಬಿದೆ ಸಾರ್, ಹತ್ತಿದವರಿಗೆ ಜಾಗ ಇದೆ” ಅಂದ. ನೀವು ಜೇಬಿನಲ್ಲಿದ್ದ ಗೃಹಪ್ರವೇಶದ ಕಾಗದ ತೆಗೆದು ಅದರ ಬೆನ್ನಿಗೆ ಆ ಮಾತನ್ನು ಬರೆದುಕೊಂಡಿರಿ. ‘ತುಂಬು’ ಎಂಬ ಒಂದೇ ಮಾತನ್ನು ನಮ್ಮ ಮೂರು ತಾಲೂಕಿನ ಜನ ಎಷ್ಟು ಬಗೆಯಲ್ಲಿ ಆಡುತ್ತಾರೆ ಎಂದು ಕೂಡಿಹಾಕುವ ನಿಮ್ಮ ಹುಚ್ಚು ಶುರುವಾದದ್ದು ಆ ಬಸ್ಸಿನಲ್ಲಿ. ಆ ಹೊತ್ತು ನಿಮ್ಮ ಪಕ್ಕದಲ್ಲಿ ನಿಂತಿದ್ದವಳು ನಾನು. ಬೇರೆ ಯಾರೂ ಅಲ್ಲ. ಇದನ್ನು ನಾನು ಎಷ್ಟು ಜನರಿಗೆ ಹೇಳಿಕೊಂಡು ತಿರುಗಿದ್ದೇನೋ.

ಒಂಬತ್ತನೇ ಕ್ಲಾಸಿನಲ್ಲಿ ಜ್ವರ ಬಂದು ಮೂರು ದಿನ ಶಾಲೆಗೆ ತಪ್ಪಿಸಿಕೊಂಡಿದ್ದೆ. ನಾಲ್ಕನೇ ದಿನ ಬಾಗಿಲಲ್ಲಿ ನಿಂತಾಗ ನೀವು ಪಾಠ ನಿಲ್ಲಿಸಿ, “ವಿಮಲಾ ಬಂದಳು. ಈಗ ಕ್ಲಾಸು ತುಂಬಿತು” ಅಂದಿರಿ. ನಿಮಗೆ ಅದು ನೆನಪಿರಲಾರದು. ಹಾಜರಿ ಹಾಕುವ ಮೇಷ್ಟ್ರು ಯಾರಿಗಾದರೂ ಹೇಳಬಹುದಾದ ಮಾತು. ನಾನು ಮಾತ್ರ ಆ ಒಂದು ವಾಕ್ಯ ಹಿಡಿದುಕೊಂಡು ಎಂ.ಎ. ಓದಿದೆ, ಕೆಲಸ ಸಿಗದೆ ಅಂಗಡಿ ಇಟ್ಟೆ, ನಿಮ್ಮ ಮನೆ ಇರುವ ಊರಲ್ಲೇ ಇಟ್ಟೆ. ನಿಮಗೆ ಶಿಷ್ಯರು ಬೇಕಾದಷ್ಟು ಇದ್ದರು. ಆದರೆ ಮಧ್ಯಾಹ್ನ ಮೂರು ಗಂಟೆಗೆ ನೀವು ಬಂದು ಕೂರುತ್ತಿದ್ದದ್ದು ನನ್ನ ಅಂಗಡಿಯ ಕುರ್ಚಿಯಲ್ಲಿ. ನಿಮ್ಮ ಚೀಟಿಗಳು ಬರುತ್ತಿದ್ದದ್ದು ನನ್ನ ಕಂಪ್ಯೂಟರಿಗೆ. ನನಗೆ ಅಷ್ಟು ಸಾಕಾಗಿತ್ತು.

ಒಂದು ಮಧ್ಯಾಹ್ನ ಧೈರ್ಯ ಮಾಡಿ ನನ್ನದೂ ಒಂದು ಮಾತು ಕೊಟ್ಟೆ. “ಮೇಷ್ಟ್ರೇ, ಇಡೀ ದಿನ ನಾನು ಮಾಡೂದು ಅದೇ ಅಲ್ವಾ? ಅರ್ಜಿ ತುಂಬೂದು. ಅದನ್ನ ಹಾಕಿ” ಅಂದೆ. ನೀವು ಚಹಾ ಊದಿಕೊಂಡು, “ಅದು ಇಂಗ್ಲಿಷ್ ಫಾರಮ್ಮಿನ ಜೊತೆ ಬಂದದ್ದು ವಿಮಲಾ. ಇರ್ಲಿ, ಕೊನೆಗೆಲ್ಲಾದರೂ ಹಾಕುವ” ಅಂದಿರಿ. ಇನ್ನೊಂದು ದಿನ ಉಡಿ ತುಂಬುವುದು, ಮನೆ ತುಂಬಿಸಿಕೊಳ್ಳುವುದು, ತುಂಬುಗಣ್ಣು, ತುಂಬು ಬಸುರಿ ಎಂದು ಒಂದು ಪುಟ ಬರೆದುಕೊಂಡು ಬಂದೆ. ನೀವು ಓದಿ ಮಡಿಚಿ ವಾಪಸು ಕೊಟ್ಟಿರಿ. “ಇವೆಲ್ಲ ನಿಘಂಟಿನಲ್ಲೇ ಇದಾವೆ. ನಂಗೆ ಬಾಯಿಂದ ಬಿದ್ದದ್ದು ಬೇಕು.” ನನ್ನ ಬಾಯಿಂದ ಬೀಳುವುದೆಲ್ಲ ಓದಿದ್ದೇ ಆಗಿತ್ತು. ಅದಕ್ಕೆ ನಾನೇನು ಮಾಡಲಿ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಗಿರಿಜಾ ಬಂದದ್ದು ಜೂನ್ ತಿಂಗಳ ಒಂದು ಮಧ್ಯಾಹ್ನ, ರೇಷನ್ ಕಾರ್ಡಿಗೆ ಹೆಸರು ಸೇರಿಸುವ ಅರ್ಜಿ ಬರೆಸಲು. ಬೇಗಾರಿನ ಹೆಣ್ಣುಮಗಳು, ಕೊಪ್ಪದ ಹತ್ತಿರದ ಕಾಫಿ ತೋಟದಲ್ಲಿ ಕೂಲಿಯವರ ಲೈನ್ ಮನೆಯಲ್ಲಿದ್ದಳು, ನನಗಿಂತ ಆರೇಳು ವರ್ಷಕ್ಕೆ ಚಿಕ್ಕವಳು. ನೀವು ಎಂದಿನಂತೆ ಕುರ್ಚಿಯಲ್ಲಿ ಕೂತಿದ್ದಿರಿ. ಅವಳು ಕೌಂಟರಿನ ಆಚೆ ನಿಂತು, “ಬೇಗ ಆಗ್ತದಾ ಅಕ್ಕ?” ಎಂದು ಕೇಳಿದಳು.

“ಅರ್ಜೆಂಟಾ?” ಅಂದೆ.

“ಅರ್ಜೆಂಟು ಅಂತಲ್ಲ. ಮನೇಲಿ ಅಕ್ಕಿ ತುಂಬಿ ಎರಡು ದಿನ ಆಯ್ತು.”

“ಅಕ್ಕಿ ತುಂಬಿದ್ರೆ ಇನ್ನೆಂತಕ್ಕೆ ಮಾರಾಯ್ತಿ ಕಾರ್ಡು?” ಎಂದು ನಾನು ನಕ್ಕೆ. ಅವಳೂ ನಕ್ಕಳು, ಆದರೆ ತಲೆ ತಗ್ಗಿಸಿ. ನೀವು ನಗಲಿಲ್ಲ. ನಿಮ್ಮ ಕೈಯಲ್ಲಿದ್ದ ಲೋಟ ಹಾಗೇ ನಿಂತಿತ್ತು.

“ತಂಗೀ, ಅಕ್ಕಿ ತುಂಬಿದೆ ಅಂದ್ರೆ ಅಕ್ಕಿ ಇಲ್ಲ ಅಂತಲಾ?”

“ಹೌದು ಸಾರ್. ಇಲ್ಲ ಅಂತ ಬಾಯಲ್ಲಿ ಅನ್ಬಾರ್ದಲ್ಲ. ಅಂದ್ರೆ ಮನೆಯಿಂದ ಹೋಗೇ ಬಿಡ್ತದಂತೆ. ಅದ್ಕೆ ನಾವು ತುಂಬಿದೆ ಅಂತೀವಿ.”

ಆಗ ನೀವು ಎದ್ದಿರಿ ಮೇಷ್ಟ್ರೇ. ಮಂಡಿ ನೋವು ಎಂದು ತಹಶೀಲ್ದಾರರು ಬಂದರೂ ಏಳದ ನೀವು ಎದ್ದು, ಕುರ್ಚಿಯನ್ನು ಅವಳ ಕಡೆ ತಳ್ಳಿ, “ಕೂತ್ಕೊ. ಇನ್ನೊಂದು ಸಲ ಹೇಳು” ಅಂದಿರಿ. ಅವತ್ತು ಸಂಜೆ ನಿಮ್ಮ ಮನೆಯಿಂದ ಐದು ಸೇರು ಅಕ್ಕಿ ಅವಳ ಜೊತೆ ಹೋಯಿತು. ಮರುದಿನ ನೀವು ನನ್ನ ಹತ್ತಿರ, “ಹತ್ತು ವರ್ಷದಲ್ಲಿ ಇಂಥಾ ಮಾತು ಸಿಕ್ಕಿರ್ಲಿಲ್ಲ ವಿಮಲಾ. ತುಂಬು ಅನ್ನೂದಕ್ಕೆ ಖಾಲಿ ಅಂತ ಅರ್ಥ” ಎಂದು ಎರಡು ಮೂರು ಸಲ ಹೇಳಿದಿರಿ. ನಾನು ‘ಹೌದು’ ಎನ್ನುತ್ತಾ ಟೈಪು ಮಾಡಿದೆ.

ಭಾನುವಾರ ಅವಳಿಗೆ ರಜೆ. ಆಮೇಲಿನ ಭಾನುವಾರಗಳೆಲ್ಲ ಅವಳವೇ ಆದವು. ಕೆಸುವಿನ ಎಲೆಯನ್ನೋ ಕಳಲೆಯನ್ನೋ ಹಿಡಿದುಕೊಂಡು ನಿಮ್ಮ ಮನೆಗೆ ಬರುತ್ತಿದ್ದಳು, ಜಗಲಿಯಲ್ಲಿ ಕೂತು ಮಾತಾಡುತ್ತಿದ್ದಳು, ಅವಳಿಗೆ ಗೊತ್ತೇ ಇಲ್ಲದ ಹಾಗೆ ಮಾತು ಉದುರುತ್ತಿತ್ತು. ತೆನೆ ಹಾಲು ತುಂಬಿದೆ. ಗೊನೆ ತುಂಬಿದೆ, ಇನ್ನು ಕಡೀಬಹುದು. ಕಾಲಿನ ಗಾಯ ತುಂಬ್ತಾ ಬಂತು. ಒಂದು ಸಲ “ನಮ್ಮ ಲೈನಲ್ಲಿ ಒಬ್ಬಳಿಗೆ ದಿನ ತುಂಬಿದೆ, ಪಕ್ಕದ ಮನೆ ಅಜ್ಜನಿಗೂ ದಿನ ತುಂಬಿದೆ. ಯಾವುದು ಮೊದಲೋ ಗೊತ್ತಿಲ್ಲ” ಎಂದಳು. ಹೆರಿಗೆಗೂ ಸಾವಿಗೂ ಒಂದೇ ಉಸಿರಿನಲ್ಲಿ ಒಂದೇ ಮಾತು. ನೀವು ತೊಡೆ ತಟ್ಟಿಕೊಂಡು ನಕ್ಕು, “ಸಾಕು ಕೂಸೇ, ಬರೆದು ಬರೆದು ಕೈ ನೋಯ್ತದೆ” ಅಂದಿರಿ.

ಕೂಸೇ. ಅದು ನಿಮ್ಮ ಮನೆಮಾತು. ಅಕ್ಕನ ಮಗಳನ್ನು, ಮೊಮ್ಮಗಳನ್ನು ನೀವು ಕರೆಯುವುದು ಹಾಗೆ. ಮೂವತ್ತು ವರ್ಷ ನಾನು ವಿಮಲಾ ಆಗಿದ್ದೆ. ಆರು ಭಾನುವಾರಕ್ಕೆ ಅವಳು ಕೂಸು ಆದಳು. ನಾನು ಅಡುಗೆಮನೆಯಲ್ಲಿ ಅಮ್ಮನ ಜೊತೆ ಚಹಾ ಸೋಸುತ್ತಾ ಅದನ್ನು ಕೇಳಿಸಿಕೊಂಡೆ. ಅಮ್ಮ ನನ್ನ ಮುಖ ನೋಡಿ, “ಸಕ್ಕರೆ ಹಾಕಿದ್ಯಾ?” ಎಂದು ಕೇಳಿದರು. ಹಾಕಿರಲಿಲ್ಲ. ಅವತ್ತಿನಿಂದ ಅವಳ ಸೀರೆಯ ಅಂಚು, ಅವಳು ಮಾತಿನ ನಡುವೆ ಉಸಿರೆಳೆದುಕೊಳ್ಳುವುದು, ನಿಮ್ಮ ಜಗಲಿಯ ಮೆಟ್ಟಿಲಲ್ಲಿ ಅವಳು ಚಪ್ಪಲಿ ಬಿಡುವ ಜಾಗ, ಎಲ್ಲವೂ ನನ್ನ ಕಣ್ಣಿಗೆ ಚುಚ್ಚತೊಡಗಿತು. ಒಂದು ಭಾನುವಾರ ಅವಳಿಗೆ ಫೋನ್ ಮಾಡಿ “ಮೇಷ್ಟ್ರು ಊರಲ್ಲಿಲ್ಲ” ಎಂದು ಸುಳ್ಳು ಹೇಳಿದ್ದೂ ಉಂಟು. ನೀವು ಅವತ್ತು ಸಂಜೆಯ ತನಕ ಜಗಲಿಯಲ್ಲಿ ಕಾದಿರಿ. ನಾನು ಎದುರಿಗೆ ಕೂತಿದ್ದೆ. ನಿಮ್ಮ ಕಣ್ಣು ಗೇಟಿನ ಮೇಲಿತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು “ಶ್ವಾಸಕೋಶದಲ್ಲಿ ನೀರು ತುಂಬಿದೆ” ಎಂದಾಗ ನೀವು ನನ್ನ ಕಡೆ ತಿರುಗಿ ಬೆರಳಾಡಿಸಿದಿರಿ. ಬರೆದುಕೋ ಎಂದು. ಡಾಕ್ಟರಿಗೆ ಅರ್ಥವಾಗಲಿಲ್ಲ, ಅಮ್ಮನಿಗೆ ಆಯಿತು, ಅವರು ಮುಖ ಆಚೆ ತಿರುಗಿಸಿದರು. ಮನೆಗೆ ಕರೆದುಕೊಂಡು ಬಂದಮೇಲೆ ಒಂದು ಬೆಳಗ್ಗೆ ನೀವು ದಿಂಬಿಗೆ ಒರಗಿ ಕೂತು ಪುಸ್ತಕದ ಮಾತೆತ್ತಿದಿರಿ. “ಮೊದಲನೇ ಪುಟಕ್ಕೆ ಅಕ್ಕಿಯ ಮಾತು ಬರ್ಲಿ. ಗಿರಿಜೆ ಹೆಸರು ಹಾಕು, ಬೇಗಾರು ಅಂತ ಊರೂ ಹಾಕು.” ನಾನು ಹೂಂ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ನಾಚಿಕೆ ಬಿಟ್ಟು, “ನನ್ನ ಹೆಸರು?” ಎಂದು ಕೇಳಿಯೇ ಬಿಟ್ಟೆ. ನೀವು ಅಚ್ಚರಿಯಿಂದ ನೋಡಿದಿರಿ. “ನಿಂದು ಕೊನೇ ಪುಟದಲ್ಲಿ ಬರ್ತದಲ್ಲ. ಅಕ್ಷರ ಜೋಡಣೆ ಅಂತ.”

ನೀವು ನೋಯಿಸಲು ಹೇಳಿದ್ದಲ್ಲ. ನಾನು ನಿಮ್ಮ ಮನೆಯ ಕಂಬದಂತೆ ಆಗಿದ್ದೆ. ಕಂಬಕ್ಕೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ? ಇವತ್ತು ಹಾಗೆ ಅನ್ನಿಸುತ್ತದೆ. ಅವತ್ತು ಅನ್ನಿಸಲಿಲ್ಲ. ಅದಾಗಿ ಒಂಬತ್ತು ದಿನಕ್ಕೆ ನೀವು ಹೋದಿರಿ.

ಪುಸ್ತಕದ ಫೈಲನ್ನು ಶಿವಮೊಗ್ಗದ ಪ್ರೆಸ್ಸಿಗೆ ಕಳಿಸಿದ ಬೆಳಗ್ಗೆ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮೊದಲ ಪುಟ ತೆರೆದೆ. ‘ಅಕ್ಕಿ ತುಂಬಿದೆ’ ಎಂದು ದಪ್ಪಕ್ಷರ, ಕೆಳಗೆ ನಿಮ್ಮ ಹನ್ನೆರಡು ಸಾಲು, ಅದರ ಕೆಳಗೆ ಅವಳ ಹೆಸರು. ಅಷ್ಟನ್ನೂ ಗುರುತು ಮಾಡಿ ಅಳಿಸಿದೆ. ಒಂದೇ ಕೀಲಿ ಒತ್ತಿದ್ದು. ಎರಡನೇ ಪುಟದಲ್ಲಿದ್ದ ‘ಹೊಳೆ ತುಂಬಿದೆ’ ತಾನಾಗಿ ಮೇಲೆ ಬಂದು ಕೂತಿತು. ಬದಲಾವಣೆ ಉಳಿಸಬೇಕೇ ಎಂದು ಕಂಪ್ಯೂಟರು ಕೇಳಿತು. ಹೌದು ಎಂದೆ. ಅಮ್ಮ ಕರಡು ನೋಡುತ್ತೇನೆ ಎನ್ನಲಿಲ್ಲ. “ನೀನು ನೋಡಿದ್ರೆ ಸಾಕು” ಅಂದರು. ನಂಬಿದವರ ಮನೆಯಲ್ಲಿ ಕದಿಯುವುದು ಎಷ್ಟು ಸುಲಭ ಎಂದು ನನಗೆ ಆಗ ಗೊತ್ತಾಯಿತು.

ಶಿವರಾತ್ರಿಯ ಹಿಂದಿನ ವಾರ ಕೊಪ್ಪದ ಒಂದು ಸಣ್ಣ ಹಾಲಿನಲ್ಲಿ ಬಿಡುಗಡೆ. ಇನ್ನೂರು ಪ್ರತಿ. ಬಂದವರಿಗೆಲ್ಲ ಹಂಚಿ, ಬಾರದವರಿಗೆ ಆಮೇಲೆ ತಲುಪಿಸಿ, ಯಾರ್‍ಯಾರಿಗೆ ಕೊಟ್ಟದ್ದು ಎಂದು ಹೆಸರು ಬರೆದಿಟ್ಟೆ. ವೇದಿಕೆಯ ಮೇಲೆ ನನಗೆ ಕುರ್ಚಿ ಇತ್ತು, ಹಾರವೂ ಇತ್ತು. ನಿಮ್ಮ ಬಗ್ಗೆ ಮಾತಾಡಿ ಇಳಿದು ಬಂದಾಗ ಎಲ್ಲರೂ ‘ಮೇಷ್ಟ್ರ ಜಾಗ ತುಂಬಿದೆ ನೀನು’ ಅಂದರು. ಆ ಖುಷಿಯಲ್ಲಿದ್ದೆ. ಆಗ ಕೊನೆಯ ಸಾಲಿನಲ್ಲಿ ಗಿರಿಜಾಳನ್ನು ಕಂಡೆ. ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು, ಯಾರದೋ ಮದುವೆಗೆ ತೆಗೆದಿದ್ದಿರಬೇಕು. ಬೆರಳಿಟ್ಟು, ತುಟಿ ಆಡಿಸುತ್ತಾ, ಒಂದೊಂದೇ ಪುಟ ತಿರುಗಿಸುತ್ತಿದ್ದಳು. ಕೊನೆ ಮುಟ್ಟಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಆಮೇಲೆ ಎದ್ದು ನನ್ನ ಹತ್ತಿರ ಬಂದಳು.

“ಪುಸ್ತಕ ಚಂದ ಬಂದದೆ ವಿಮಲಕ್ಕ.”

ನಾನು ನಕ್ಕೆ.

“ಅಕ್ಕಿ ಮಾತು ಎಲ್ಲಿದೆ? ನಂಗೆ ಓದ್ಲಿಕ್ಕೆ ನಿಧಾನ. ಎರಡು ಸಲ ನೋಡ್ದೆ, ಸಿಗ್ಲಿಲ್ಲ.”

ಅವಳೇ ನನಗೆ ದಾರಿ ಮಾಡಿಕೊಟ್ಟಳು. “ಮೇಷ್ಟ್ರೇ ತೆಗೆಸಿದ್ರೇನೋ, ಅಲ್ದ? ಅದೆಂತ ಪುಸ್ತಕದಲ್ಲಿ ಹಾಕೋ ಮಾತು.”

“ಇರಬೇಕು” ಅಂದೆ.

ಆ ಒಂದು ಮಾತು. ಪುಟ ಅಳಿಸಿದ್ದು ಹೊಟ್ಟೆಕಿಚ್ಚು, ಒಪ್ಪುತ್ತೇನೆ. ಆದರೆ ಅದನ್ನು ನಿಮ್ಮ ತಲೆಗೆ ಕಟ್ಟಿದ್ದಕ್ಕೆ ಯಾವ ಹೆಸರು ಕೊಡಲಿ? ಬಾಯಿಲ್ಲದ ನಿಮ್ಮ ಮೇಲೆ. ಗಿರಿಜಾ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಊಟಕ್ಕೂ ನಿಲ್ಲದೆ ಹೋದಳು. ಅವಳು ಬಸ್‌ಸ್ಟ್ಯಾಂಡಿನ ಕಡೆ ತಿರುಗುವ ತನಕ ನಾನು ಬಾಗಿಲಲ್ಲಿ ನಿಂತಿದ್ದೆ. ಗೆದ್ದೆ ಎಂದು ಅನ್ನಿಸಬೇಕಿತ್ತು.

ಯುಗಾದಿಗೆ ಬಾಳೆಹೊನ್ನೂರಿನ ತವರಿಗೆ ಹೋಗಿದ್ದಾಗ ನಮ್ಮವ್ವನ ಹತ್ತಿರ ಸುಮ್ಮನೆ, ಬೇರೆ ಯಾರದೋ ವಿಷಯ ಎಂಬಂತೆ, ಈ ಅಕ್ಕಿ ತುಂಬುವ ಮಾತು ತೆಗೆದೆ. ಅವ್ವ ಹೋಳಿಗೆ ತಟ್ಟುತ್ತಿದ್ದವರು ತಲೆ ಎತ್ತಲಿಲ್ಲ. “ಅದೆಂತ ಹೊಸತು? ನಮ್ಮ ಅಂಗಡಿಗೆ ಬರ್ತಿದ್ದ ಹೆಣ್ಣುಮಕ್ಕಳು ಹಂಗೇ ಹೇಳ್ತಿದ್ರಲ್ಲ. ಅಕ್ಕಿ ತುಂಬಿದೆ, ಎರಡು ಸೇರು ಕೊಡಿ ಅಂತ. ನೀನೇ ಎಷ್ಟು ಸಲ ಅಳೆದು ಕೊಟ್ಟಿದೀಯ.” ನಾನು ಹಿಡಿದಿದ್ದ ತಟ್ಟೆ ಕೆಳಗಿಟ್ಟೆ. ನಿಮಗಾಗಿ ಊರೂರು ಹುಡುಕಿದ ಮಾತು ನನ್ನ ಕಿವಿಯ ಪಕ್ಕದಲ್ಲೇ ಹತ್ತು ವರ್ಷ ಹಾದುಹೋಗಿತ್ತು. ಅಕ್ಕಿ ಮೂಟೆಯ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದವಳಿಗೆ ಅದು ಕೇಳಿಸಿರಲಿಲ್ಲ. ಆ ಮಾತು ಕೇಳಿಸಬೇಕಾದರೆ ಒಂದು ದಿನವಾದರೂ ಹಸಿದಿರಬೇಕಿತ್ತೇನೋ. ಮೇಷ್ಟ್ರೇ, ನಿಮಗೆ ಇದನ್ನು ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಅವತ್ತು ನನಗೆ ಗಿರಿಜಾಳ ಹಸಿವಿನ ಮೇಲೂ ಹೊಟ್ಟೆಕಿಚ್ಚಾಯಿತು. ಹೊಟ್ಟೆ ತುಂಬಿದವಳಿಗೆ ಇಷ್ಟು ಕಿಚ್ಚು ಎಲ್ಲಿಂದ ಬರುತ್ತದೆ?

ಗೌರಿ ಹಬ್ಬ ಕಳೆದು ಎರಡು ದಿನಕ್ಕೆ, ಇನ್ನು ತಡೆಯಲಾಗದೆ, ಅವಳನ್ನು ಹುಡುಕಿಕೊಂಡು ಹೋದೆ. ತೋಟದ ಲೈನ್ ಬಿಟ್ಟು ಊರಿಗೆ ವಾಪಸು ಹೋಗಿದ್ದಾಳೆ ಎಂದು ಗೊತ್ತಾಯಿತು. ಶೃಂಗೇರಿಯಲ್ಲಿ ಬಸ್ಸು ಬದಲಿಸಿ ಬೇಗಾರಿನಲ್ಲಿ ಇಳಿದಾಗ ಮಧ್ಯಾಹ್ನ ಹನ್ನೆರಡೂವರೆ. ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದವಳು ನನ್ನನ್ನು ನೋಡಿ ಸೆರಗಿಗೆ ಕೈ ಒರೆಸಿಕೊಂಡಳು. ನಾನು ಕೂರಲೂ ಇಲ್ಲ. ನಿಂತೇ ಹೇಳಿದೆ. ಮೇಷ್ಟ್ರು ತೆಗೆದದ್ದಲ್ಲ, ನಾನು ತೆಗೆದದ್ದು. ಮೊದಲ ಪುಟಕ್ಕೆ ಹಾಕು ಎಂದಿದ್ದರು. ಹೆಸರು ಹಾಕು ಎಂದಿದ್ದರು.

ಅವಳು ತೊಳೆದ ಪಾತ್ರೆಗಳನ್ನು ಒಂದೊಂದಾಗಿ ಬೋರಲು ಹಾಕಿದಳು. ಕೊನೆಗೆ, “ಎಂತಕ್ಕೆ? ನಿಮಗೆ ಎಂತ ಕಮ್ಮಿಯಾಗಿತ್ತು?” ಎಂದು ಕೇಳಿದಳು.

“ಅವರು ನಿನ್ನನ್ನ ಕೂಸೇ ಅಂತಿದ್ರು.”

“ಅಷ್ಟಕ್ಕಾ?”

“ಅಷ್ಟಕ್ಕೇ.”

ಅವಳು ನನ್ನನ್ನು ಹೊಸದಾಗಿ ನೋಡುವಂತೆ ನೋಡಿದಳು. ಆಮೇಲೆ ಅವಳ ದನಿ ಏರಲಿಲ್ಲ, ಇಳಿಯಿತು. “ಎದುರಿಗೆ ಕುರ್ಚಿ ಕೊಟ್ಟು ಹಿಂದಿನಿಂದ ಕಿತ್ತು ಹಾಕಿದ್ರು ಅಂದ್ಕೊಂಡೆ ವಿಮಲಕ್ಕ. ದೊಡ್ಡವರೆಲ್ಲ ಇಷ್ಟೇ ಅಂದ್ಕೊಂಡೆ. ಏಳು ತಿಂಗಳು, ಸತ್ತವರ ಮೇಲೆ ಸಿಟ್ಟು ಮಾಡ್ಕೊಂಡು ಕೂತಿದ್ದೆ. ಅಮ್ಮನ್ನ ನೋಡ್ಲಿಕ್ಕೂ ಹೋಗ್ಲಿಲ್ಲ. ಆ ಸಿಟ್ಟನ್ನ ಈಗ ಎಲ್ಲಿ ಹಾಕ್ಲಿ?”

“ನನ್ನ ಮೇಲೆ ಹಾಕು.”

“ಹಾಕ್ತೀನಿ. ಹಾಕ್ದೆ ಎಂತ ಮಾಡ್ಲಿ.”

ಊಟದ ಹೊತ್ತಿಗೆ ಮನೆಗೆ ಬಂದವಳಿಗೆ ಅವಳು ಊಟಕ್ಕೆ ಏಳಿ ಎನ್ನಲಿಲ್ಲ. ಒಂದು ಚೊಂಬು ನೀರು ತಂದಿಟ್ಟಳು. ಸಿಟ್ಟು ಇಳಿದಿಲ್ಲ ಎನ್ನಲು ನಮ್ಮ ಕಡೆ ಅಷ್ಟು ಸಾಕು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಾನು ನೀರು ಕುಡಿದೆ. ಹೊರಡಲು ಎದ್ದಾಗ, “ಮತ್ತೆ ಅಚ್ಚು ಹಾಕೂದಾದ್ರೆ ನನ್ನ ಹೆಸರು ಒಂದೇ ಹಾಕ್ಬೇಡಿ. ಅದು ನನ್ನ ಮಾತಲ್ಲ, ಅವ್ವಂದು” ಎಂದಳು. ಹಾಗೆಂದು ಮೆಟ್ಟಿಲ ಮೇಲೆ ಕೂತಳು. ನನ್ನನ್ನು ಕೂರು ಎನ್ನಲಿಲ್ಲ, ಆದರೆ ಹೋಗು ಎಂದೂ ಅನ್ನಲಿಲ್ಲ.

ಅವಳು ಚಿಕ್ಕವಳಿದ್ದಾಗ ಅವಳ ತಾಯಿ ತೋಟದ ಕೆಲಸ ಮುಗಿಸಿ ಬಂದು, ‘ಮಕ್ಕಳೇ, ಇವತ್ತು ಅಕ್ಕಿ ತುಂಬಿದೆ, ಹಲಸಿನ ಬೀಜ ಬೇಯಿಸುವ’ ಎನ್ನುತ್ತಿದ್ದರಂತೆ. ಗಿರಿಜಾ ಮತ್ತು ಅವಳ ಇಬ್ಬರು ತಂಗಿಯರು ಅದನ್ನು ಹಾಗೆಯೇ ನಂಬಿದ್ದರು. ಮಡಕೆಯಲ್ಲಿ ಅಕ್ಕಿ ತುಂಬಿ ತುಳುಕುತ್ತಿದೆ, ಅವ್ವ ಹಬ್ಬಕ್ಕೆಂದು ಕಾದಿಟ್ಟಿದ್ದಾಳೆ ಎಂದು. ಶಾಲೆಯಲ್ಲಿ ಗೆಳತಿಯರ ಹತ್ತಿರ ‘ನಮ್ಮನೇಲಿ ಅಕ್ಕಿ ತುಂಬಿದೆ’ ಎಂದು ಜಂಬ ಕೊಚ್ಚುತ್ತಿದ್ದಳಂತೆ. ಅವಳಿಗೆ ಏಳೋ ಎಂಟೋ ವರ್ಷವಾಗಿದ್ದಾಗ ಸೋದರಮಾವ ಬಂದ. ಅವನಿಗೆ ತೋರಿಸಬೇಕೆಂಬ ಖುಷಿಯಲ್ಲಿ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, “ನೋಡು ಮಾವ” ಎಂದು ಮಡಕೆಯ ಮುಚ್ಚಳ ತೆಗೆದಳು.

“ತಳ ಕಾಣ್ತಿತ್ತು ವಿಮಲಕ್ಕ. ತಿರುಗಿ ನೋಡ್ತೀನಿ, ಅವ್ವ ಬಾಗಿಲಲ್ಲಿ ನಿಂತಿದ್ಲು. ಬಯ್ಯಲಿಲ್ಲ. ಬಂದು ಮುಚ್ಚಳ ಮುಚ್ಚಿದ್ಲು. ‘ತುಂಬಿದ್ದನ್ನ ತೆಗೆದು ನೋಡ್ಬಾರ್ದು ಮಗಾ’ ಅಂದ್ಲು. ಮಾರನೇ ದಿನದಿಂದ ತಂಗಿಯರಿಗೆ ನಾನೇ ಹೇಳ್ದೆ, ಅಕ್ಕಿ ತುಂಬಿದೆ ಅಂತ. ಅವರು ನಂಬ್ತಿದ್ರು.”

ಇದನ್ನು ಮೇಷ್ಟ್ರಿಗೆ ಹೇಳಿದ್ದೀಯಾ ಎಂದು ಕೇಳಿದೆ. “ಇಲ್ಲ. ಅವರು ಮಾತು ಕೇಳ್ತಿದ್ರು, ಕತೆ ಕೇಳ್ಲಿಲ್ಲ” ಅಂದಳು. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಾಗ ನನ್ನ ಒಳಗೆ ಏನಾಯಿತು ಎಂದು ಬರೆಯದಿದ್ದರೆ ಈ ಪತ್ರವೂ ಸುಳ್ಳಾಗುತ್ತದೆ. ಒಂದು ಕ್ಷಣ ಖುಷಿಯಾಯಿತು ಮೇಷ್ಟ್ರೇ. ಇದು ನಿಮಗೆ ಸಿಕ್ಕಿಲ್ಲ. ನಿಮ್ಮ ಕೂಸು ನಿಮಗೆ ಕೊಡದ್ದನ್ನು ನನಗೆ ಕೊಟ್ಟಿದ್ದಾಳೆ. ಅಂಥ ಹೊತ್ತಿನಲ್ಲೂ ನಾನು ಲೆಕ್ಕ ಹಾಕುತ್ತಿದ್ದೆ, ಯಾರಿಗೆ ಹೆಚ್ಚು ಎಂದು. ನನ್ನನ್ನು ನೀವು ಎಷ್ಟು ಕಡಿಮೆ ತಿಳಿದಿದ್ದಿರಿ ನೋಡಿ.

ಕೊಪ್ಪಕ್ಕೆ ಬಂದ ಮೇಲೆ ಮೊದಲು ಅಮ್ಮನಿಗೆ ಹೇಳಿದೆ. ಅಮ್ಮ ಎಲ್ಲವನ್ನೂ ಕೇಳಿ, “ಅವರಿಗೆ ಗೊತ್ತಾಗಿದ್ರೆ ನಿನ್ನ ಹತ್ರ ಒಂದು ವಾರ ಮಾತು ಬಿಡ್ತಿದ್ರು. ನಾನು ಎರಡು ದಿನ ಬಿಡ್ತೇನೆ” ಅಂದರು. ಹಾಗೆಯೇ ಬಿಟ್ಟರು. ಮೂರನೇ ದಿನ ತಾವೇ ಫೋನ್ ಮಾಡಿ ಸಾರಿಗೆ ಹುಳಿ ಎಷ್ಟು ಹಾಕಲಿ ಎಂದು ಕೇಳಿದರು, ನನಗಿಂತ ಚೆನ್ನಾಗಿ ಸಾರು ಮಾಡುವವರು.

ಆಮೇಲೆ ಒಂದು ಚೀಟಿ ಮಾಡಿಸಿದೆ, ಪುಸ್ತಕದ ಮೊದಲ ಪುಟಕ್ಕೆ ಅಂಟಿಸಲು. ನಿಮ್ಮ ಹನ್ನೆರಡು ಸಾಲು ಹಾಗೇ ಇವೆ. ನಿಮ್ಮ ಕೈಬರಹದ ಚೀಟಿಯನ್ನು ಎಸೆಯುವಷ್ಟು ಧೈರ್ಯ ನನಗೆ ಇರಲಿಲ್ಲ, ಅದೊಂದು ಪುಣ್ಯ. ಅದರ ಕೆಳಗೆ: ‘ಈ ಮಾತು ಬೇಗಾರಿನ ಲಕ್ಷ್ಮಮ್ಮನವರದು. ತಿಳಿಸಿದವರು ಅವರ ಮಗಳು ಗಿರಿಜಾ. ಮೇಷ್ಟ್ರು ಈ ಪುಟವನ್ನು ಮೊದಲಿಗೆ ಇಟ್ಟಿದ್ದರು. ಅಕ್ಷರ ಜೋಡಿಸಿದ ವಿಮಲಾ ಹೊಟ್ಟೆಕಿಚ್ಚಿನಿಂದ ತೆಗೆದಳು.’ ಇನ್ನೂರು ಪ್ರಿಂಟು ತೆಗೆದು, ಮೊದಲ ಚೀಟಿ ಗಿರಿಜಾಳ ಪುಸ್ತಕಕ್ಕೇ ಹಚ್ಚಬೇಕೆಂದು ಮತ್ತೆ ಬೇಗಾರಿಗೆ ಹೋದೆ. ಅವಳು ಬೆರಳಿಟ್ಟು ಓದಿದಳು. ಓದಿ, “ಇದು ಯಾರು?” ಅಂದಳು.

“ಯಾರು?”

“ಲಕ್ಷ್ಮಮ್ಮ ಅಂತ. ನಮ್ಮನೇಲಿ ಲಕ್ಷ್ಮಮ್ಮ ಅಂತ ಯಾರೂ ಇಲ್ಲ. ನಮ್ಮವ್ವ ಲಚ್ಚಮ್ಮ. ನಾನು ಲಚ್ಚಮ್ಮ ಅಂತಲೇ ಹೇಳಿದ್ದೆ.”

ಅವಳು ಲಚ್ಚಮ್ಮ ಅಂದದ್ದನ್ನು ನಾನು ಕೇಳಿದ್ದೆ, ಕೇಳಿ ತಿದ್ದಿದ್ದೆ. ಹಾಗೆ ತಿದ್ದಿದ್ದು ನನಗೇ ಗೊತ್ತಿರಲಿಲ್ಲ. ಗಿರಿಜಾ ಮಗನ ಪೆನ್ನು ತಂದು ಗೆರೆ ಹೊಡೆದು ಮೇಲೆ ಬರೆದಳು. ಅವಳ ಅಕ್ಷರ ದುಂಡಗಿದೆ ಮೇಷ್ಟ್ರೇ, ನನ್ನದಕ್ಕಿಂತ. ಅದಕ್ಕೂ ಒಂದಿಷ್ಟು ಉರಿಯಿತು. ಆ ಚೀಟಿಯನ್ನೇ ಅವಳ ಪುಸ್ತಕಕ್ಕೆ ಹಚ್ಚಿ, ವಾಪಸು ಬಂದು ಉಳಿದವನ್ನೆಲ್ಲ ಹರಿದು ಹೊಸದಾಗಿ ಮಾಡಿದೆ. ಅವಳ ತಾಯಿಯ ಹೆಸರು ಈಗ ಸರಿಯಾಗಿದೆ, ಮೂರು ಸಲ ನೋಡಿದ್ದೇನೆ.

ಈಗ ನನ್ನ ಹತ್ತಿರ ಹೆಸರಿನ ಪಟ್ಟಿ ಇದೆ. ಅಂಗಡಿ ಮಧ್ಯಾಹ್ನ ಮುಚ್ಚಿ ಒಂದೊಂದು ಮನೆಗೆ ಹೋಗುತ್ತಿದ್ದೇನೆ. ಕೆಲವರು ಚೀಟಿ ಓದಿ ನನ್ನ ಮುಖ ನೋಡುತ್ತಾರೆ, ಕೆಲವರು ನೋಡದೆ ಕಾಫಿ ಕೊಡುತ್ತಾರೆ. ನರಸಿಂಹರಾಜಪುರದಲ್ಲಿ ನಿಮ್ಮ ಜೊತೆ ಕೆಲಸ ಮಾಡಿದ್ದ ಒಬ್ಬರು ಮೇಷ್ಟ್ರು ಓದಿ ಕನ್ನಡಕ ತೆಗೆದು, “ಈ ಮಾತು ನಂಗೂ ಗೊತ್ತಿತ್ತು ಕಣಮ್ಮ. ಅವನು ಎಷ್ಟು ಸಲ ಕೇಳಿದ್ರೂ ಹೇಳ್ಲಿಕ್ಕೆ ಮರ್ಯಾದೆ ಅಡ್ಡ ಬಂತು” ಅಂದರು. ನಿಮ್ಮ ಆಪ್ತ ಗೆಳೆಯರು. ಅವರ ಮನೆಯಲ್ಲೂ ಅಕ್ಕಿ ತುಂಬುತ್ತಿತ್ತೆಂದು ನಿಮಗೆ ಗೊತ್ತಿತ್ತೇ?

ನಲವತ್ತೆರಡು ಪ್ರತಿ ಉಳಿದಿವೆ. ತಿಥಿಯ ಒಳಗೆ ಮುಗಿಸುತ್ತೇನೆ. ನಾಳೆ ಕಡಹಿನಬೈಲಿನ ಕಡೆ. ನಿನ್ನೆ ಗಿರಿಜಾ ಫೋನ್ ಮಾಡಿ, ಅವಳಿಗೂ ನಾಳೆ ಕೆಲಸವಿಲ್ಲ, ಕೊಪ್ಪದ ಬಸ್‌ಸ್ಟ್ಯಾಂಡಿಗೆ ಎಂಟೂವರೆಗೆ ಬರುತ್ತೇನೆ ಅಂದಳು. ಸಿಟ್ಟು ಹೋಯಿತಾ ಎಂದು ಕೇಳಿದೆ. “ಅದು ಬೇರೆ” ಅಂದಳು. ಮತ್ತೆ ಯಾಕೆ ಬರುತ್ತೀ ಎಂದರೆ, ಅವಳ ಪುಸ್ತಕಕ್ಕೆ ನಾನು ಹಚ್ಚಿದ ಚೀಟಿ ಎರಡೇ ದಿನಕ್ಕೆ ಬಿಟ್ಟುಕೊಂಡಿತಂತೆ. “ನಿಮ್ಮ ಗಮ್ಮು ನಿಲ್ಲೂದಿಲ್ಲ ವಿಮಲಕ್ಕ. ನಾನು ಮೈದಾ ಅಂಟು ಕಾಸಿ ತರ್ತೀನಿ. ಹಚ್ಚೂದು ನಾನೇ. ನೀವು ಪುಸ್ತಕ ಹಿಡ್ಕೊಳ್ಳಿ.”

ನಿಮ್ಮ
ವಿಮಲಾ